ಕಾಳುಹಾಲಿನ ಶಾವಿಗೆ

ಗಪ್ಸುನ್ ಎರಡೂ ಕೈಯಲ್ಲಿ ಹಿತ್ತಾಳೆ ಬಟ್ಟಲು ಹಿಡಿದು ಜಗಲಿ ಹತ್ತಿ ಬಂದವಳೇ, ಮೊಣಕೈಯಿಂದ ಸಾರಿನ ಬೋಗುಣಿಯನ್ನು ಆಚೆ ತಳ್ಳಿದಳು. ಸಾರು ತುಳುಕಿ ಬುನಿಯ ಹೆಬ್ಬೆರಳ ಮೇಲೆ ಬಿತ್ತು.

"ನಿಧಾನ ಅತ್ತಿಗೆ, ಸುಡುತ್ತೆ."

"ಸುಡುತ್ತೆ ಅಂತ್ಲೇ ಆಚೆ ತಳ್ಳಿದ್ದು. ಈ ಸೆಖೇಲಿ ನನ್ನ ತಮ್ಮಂಗೆ ಇದನ್ನ ಕುಡಿಸಿ ಕಳಿಸ್ತೀಯಾ?"

ಸಾವಾಗಿ ಮೂರನೆಯ ದಿನದ ಬೆಳಗು. ಇನ್ನೊಂದು ಗಂಟೆಗೆ ಹೆಣ ಎತ್ತಬೇಕು. ಮಡಿಸುವ ತೆರೆಯ ಹಿಂದೆ ಹೆಣದ ಪೆಟ್ಟಿಗೆ, ಮುಂದೆ ಎಡೆಯ ಮೇಜು, ಮೇಜಿನ ನಡುವೆ ಬುನಿಯ ಗಂಡ ದಾಲ್ಸುವಿನ ಫೋಟೋ. ಐದು ವರ್ಷದ ಹಿಂದೆ ಯಾವುದೋ ಕಾಗದಪತ್ರಕ್ಕೆಂದು ತೆಗೆಸಿದ್ದು. ಯಾರೋ ಬೈಯುತ್ತಿದ್ದರೆ ಮುಗಿಯಲಿ ಎಂದು ಕಾಯುತ್ತ ನಿಂತವನ ಮುಖ. ಸೇತುವೆಯಾಚೆ ಬಸ್ ನಿಲ್ದಾಣದ ಪಕ್ಕದಲ್ಲಿ ಅವನದೊಂದು ಸೈಕಲ್ ರಿಪೇರಿ ಅಂಗಡಿ. ಮೊನ್ನೆ ಅಲ್ಲೇ ಮೇಷ್ಟರೊಬ್ಬರ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವನು, ಸ್ವಲ್ಪ ಸುಸ್ತು ಎಂದು ಕೂತವನು, ಮತ್ತೆ ಏಳಲಿಲ್ಲ. ಐವತ್ತೆಂಟು ವರ್ಷ.

ಈ ಮೂರು ದಿನದಲ್ಲಿ ಬುನಿಗೆ ತನ್ನದು ಎನ್ನುವ ಕೆಲಸವೇ ಇರಲಿಲ್ಲ. ಸೂತಕದ ಸೆಣಬಿನ ಬಟ್ಟೆ ಹೊಲಿದವರು ಬೇರೆ, ಗುಂಡಿಯ ಜಾಗ ನೋಡಿದವರು ಬೇರೆ, ಬಂದವರಿಗೆಲ್ಲ ಅಂಗಳದಲ್ಲಿ ಹಂಡೆಗಟ್ಟಲೆ ಕೆಂಪು ಮಾಂಸದ ಸಾರು ಕಾಯಿಸಿ ಬಡಿಸಿದವರು ಬೇರೆ. ಎಲ್ಲರೂ ಅವಳನ್ನು ಒಂದು ಮೂಲೆಗೆ ಕೂರಿಸಿ ಅಳು ಎಂದಿದ್ದರು. ಎಡೆ ಇಡುವುದೊಂದನ್ನು ಮಾತ್ರ ಅವಳು ಯಾರ ಕೈಗೂ ಕೊಟ್ಟಿರಲಿಲ್ಲ. ಹೋಗುವವನಿಗೆ ಬೆಳಗ್ಗೆ ಸಂಜೆ ಅವನಿಗೆ ಇಷ್ಟವಾದದ್ದನ್ನೇ ಬಡಿಸಬೇಕು. ಏನು ಇಷ್ಟ, ಎಷ್ಟು ಇಷ್ಟ ಎಂದು ಹೆಂಡತಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಇವತ್ತಿನದು ಕಡೆಯ ಎಡೆ. ಅದಕ್ಕೇ ಬೆಳಕು ಹರಿಯುತ್ತಲೇ ಎದ್ದು, ಒಣಮೀನು ಕುದಿಸಿ, ಎಳೆ ಕುಂಬಳ ಹೆಚ್ಚಿ ಹಾಕಿ, ಹಿಟ್ಟು ನಾದಿ ಲಟ್ಟಿಸಿ ಚಾಕುವಿನಲ್ಲಿ ಎಳೆಯೆಳೆ ಕತ್ತರಿಸಿ, ಬಿಸಿ ಶಾವಿಗೆ ಸಾರು ಮಾಡಿದ್ದಳು. ಮೂವತ್ತು ಬೇಸಗೆ ಪ್ರತಿ ಮಧ್ಯಾಹ್ನ ಅವನು ಬೆವರು ಒರೆಸಿಕೊಳ್ಳುತ್ತ ಉಂಡಿದ್ದ ಸಾರು.

ಗಪ್ಸುನ್ ಬಟ್ಟಲ ಮೇಲಿನ ಬಟ್ಟೆ ತೆಗೆದಳು. ಒಳಗೆ ಗಟ್ಟಿಯಾದ ಬಿಳಿ ಕಾಳುಹಾಲು. ಸೋಯಾ ಕಾಳು ಬೇಯಿಸಿ ಬೀಸಿ ಸೋಸಿ, ಬಾವಿಗಿಳಿಸಿ ತಣ್ಣಗೆ ಮಾಡಿದ್ದು. ಅದರಲ್ಲಿ ಮುಳುಗಿದ ಒಂದು ಸುತ್ತು ಶಾವಿಗೆ, ಮೇಲೆ ಸಣ್ಣಗೆ ಹೆಚ್ಚಿದ ಸೌತೆಕಾಯಿ. ಬಟ್ಟಲಿನ ಹೊರಮೈ ತಂಪಿಗೆ ಬೆವರಿತ್ತು.

"ಅಯ್ಯೋ, ಇದಾ? ಇದು ಅವರಿಗೆ ಆಗಲ್ಲ ಅತ್ತಿಗೆ," ಎಂದಳು ಬುನಿ. "ಹೊಟ್ಟೆ ಕೆಡುತ್ತೆ. ನಿಮಗೆ ಗೊತ್ತಿಲ್ವಾ?"

ಅಂಗಳದಲ್ಲಿ ಹೆಣ ಹೊರುವ ಗಂಡಸರಲ್ಲಿ ಒಬ್ಬ ಕಿಸಕ್ಕೆಂದ. ಸತ್ತವನ ಹೊಟ್ಟೆ ಇನ್ನೇನು ಕೆಡಬೇಕು ಎಂದಿರಬೇಕು. ಆದರೆ ಒಲೆಯ ಬಳಿ ಮೊಳಕೆಕಾಳು ಬಿಡಿಸುತ್ತಿದ್ದ ಹೆಂಗಸರು ನಗಲಿಲ್ಲ. ಮೊಳಕೆಕಾಳನ್ನೇ ನೋಡುತ್ತಿದ್ದರು. ಒಬ್ಬಳಾದರೂ ಗಪ್ಸುನ್ ಕಡೆ ತಿರುಗಿ ಇದೇನು ಎಂದು ಕೇಳಬೇಕಿತ್ತು. ಯಾರೂ ಕೇಳಲಿಲ್ಲ, ಯಾರಿಗೂ ಆಶ್ಚರ್ಯವಾಗಿರಲಿಲ್ಲ.

"ಅವನಿಗೆ ಏನು ಆಗುತ್ತೆ ಏನು ಆಗಲ್ಲ ಅಂತ ನಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತಮ್ಮ," ಎಂದು ಗಪ್ಸುನ್ ಬಟ್ಟಲನ್ನು ಫೋಟೋದ ಎದುರಿಗೇ ಇಟ್ಟಳು. "ಬಿಸಿ ಸಾರು ನೋಡಿ ನೋಡಿ ಸಾಕಾಗಿತ್ತು ನನ್ನ ತಮ್ಮಂಗೆ. ಹೋಗೋವಾಗ್ಲಾದ್ರೂ ಇಷ್ಟದ್ದು ತಿನ್ಲಿ."

* * *

ಬುನಿ ಮದುವೆಯಾಗಿ ಬಂದ ಮೊದಲ ಬೇಸಗೆ. ಗುಡ್ಡದಾಚೆಯ ಅವಳ ತವರಿನಲ್ಲಿ ಬದುಬದುವಿನಲ್ಲೂ ಸೋಯಾ ಬೆಳೆಯುತ್ತಿದ್ದರು. ಬೇಸಗೆ ಎಂದರೆ ಅಲ್ಲಿ ಕಾಳುಹಾಲಿನ ಶಾವಿಗೆಯೇ. ಅಂಗಳದ ಕಟ್ಟೆಯ ಮೇಲೆ ಮನೆಮಂದಿಯೆಲ್ಲ ಸಾಲಾಗಿ ಕೂತು ಸೊರ್ ಸೊರ್ ಎಂದು ಎಳೆಯುವುದು, ಅವಳ ಅಪ್ಪ ಕಡೆಗೆ ಬಟ್ಟಲನ್ನೇ ಎತ್ತಿ ಕುಡಿದು ಮೀಸೆಯೆಲ್ಲ ಬಿಳಿ ಮಾಡಿಕೊಳ್ಳುವುದು. ಗಂಡನ ಮನೆಯಲ್ಲಿ ಮೊದಲ ಸಲ ಏನಾದರೂ ನಿನ್ನ ಕೈಯಿಂದ ಮಾಡು ಎಂದಾಗ ಅವಳು ಯೋಚನೆಯನ್ನೇ ಮಾಡದೆ ಕಾಳು ನೆನೆಹಾಕಿದ್ದಳು.

ಕಾಳು ಬೇಯಿಸುವುದರಲ್ಲೇ ಎಲ್ಲ ಇರುವುದು. ಒಂದು ಕುದಿ ಕಡಿಮೆಯಾದರೆ ಹಸಿ ವಾಸನೆ, ಒಂದು ಕುದಿ ಜಾಸ್ತಿಯಾದರೆ ಚಳಿಗಾಲದಲ್ಲಿ ಕಾಳು ಕುಟ್ಟಿ ಮುದ್ದೆ ಮಾಡಿ ಸೂರಿಗೆ ತೂಗುಹಾಕುವ ಹುದುಗು ಗಟ್ಟಿಯ ವಾಸನೆ. ಮುಚ್ಚಳ ತೆಗೆದು ಹಬೆಗೆ ಮೂಗೊಡ್ಡಿ ನಿಂತಿರಬೇಕು. ಅವಳು ನಿಂತೇ ಇದ್ದಳು. ಅಷ್ಟರಲ್ಲಿ ನಾಲ್ಕು ಹನಿ ಮಳೆ ಬಿತ್ತೆಂದು ಅತ್ತೆ ಹೊರಗಿನಿಂದ ಕೂಗಿದರು, ಒಣಹಾಕಿದ ಮೆಣಸಿನಕಾಯಿ ಎಳೆದುಕೋ ಎಂದು. ಚಾಪೆ ಮಡಿಸಿ ಓಡಿ ಬರುವ ಹೊತ್ತಿಗೆ ಕಾಳು ಕೆಟ್ಟಿತ್ತು. ಗೊತ್ತಾದರೂ ಎಸೆಯುವ ಧೈರ್ಯವಾಗಲಿಲ್ಲ. ಎರಡು ಸೇರು ಕಾಳು.

ಅತ್ತೆ ಒಂದು ಚಮಚ ಬಾಯಿಗಿಟ್ಟು ಬಟ್ಟಲು ಕೆಳಗಿಟ್ಟರು. "ಏನೇ ಇದು, ಹುದುಗು ಗಟ್ಟಿ ತೊಳೆದ ನೀರು ಕುಡಿಸ್ತಿದೀಯಾ? ನಿಮ್ಮಮ್ಮ ಕಲಿಸಿದ್ದು ಇದೇನಾ?"

ಹತ್ತೊಂಬತ್ತು ವರ್ಷದ ಬುನಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಮದುವೆಯಾದ ಮೇಲೆ ಅದುವರೆಗೆ ಅವಳ ಜೊತೆ ನೆಟ್ಟಗೆ ನಾಲ್ಕು ಮಾತೂ ಆಡಿರದ ದಾಲ್ಸು ಆಗ ಚಮಚ ಕೆಳಗಿಟ್ಟ.

"ಅಮ್ಮ, ನಂಗೆ ಹೇಗಿದ್ರೂ ಇದು ಆಗಲ್ಲ. ತಣ್ಣಗಿನ ಕಾಳುಹಾಲು ಕುಡಿದ್ರೆ ಹೊಟ್ಟೆ ಕೆಡುತ್ತೆ. ಇನ್ಮೇಲೆ ಈ ಮನೇಲಿ ಮಾಡೋದೇ ಬೇಡ. ಬಿಸಿದೇನಾದ್ರೂ ಮಾಡ್ಲಿ."

ನಿನಗೆ ಯಾವಾಗಿಂದ ಹೊಟ್ಟೆ ಕೆಡುವುದಕ್ಕೆ ಶುರುವಾಯಿತು ಎಂದು ಅತ್ತೆ ಗೊಣಗಿದರು. ಮಾತು ಅಲ್ಲಿಗೆ ನಿಂತಿತು. ಮಾರನೆಯ ದಿನ ಬಾವಿಕಟ್ಟೆಯಲ್ಲಿ ಪಾತ್ರೆ ಉಜ್ಜುತ್ತ ಬುನಿ ಒಬ್ಬಳೇ ಅತ್ತಳು, ಸಂತೋಷಕ್ಕೆ. ಈ ಮನೆಯಲ್ಲಿ ತನ್ನ ಕಡೆ ಒಬ್ಬ ಇದ್ದಾನೆ ಎಂದು ಅವತ್ತು ಗೊತ್ತಾಯಿತು. ಅವಳಿಗೆ ಗಂಡನ ಮೇಲೆ ಮನಸ್ಸು ಬಂದದ್ದು ಮದುವೆಯ ದಿನವಲ್ಲ, ಅವತ್ತು.

* * *

"ಯಾವಾಗಿಂದ?" ಎಂದು ಕೇಳಿದಳು ಬುನಿ.

"ಈಗ್ಯಾಕೆ ಅದೆಲ್ಲ. ಜನ ಕಾಯ್ತಿದಾರೆ."

"ಯಾವಾಗಿಂದ ಅತ್ತಿಗೆ?"

ಗಪ್ಸುನ್‌ಗೆ ಅರವತ್ತೈದು. ತಾಯಿ ಹೊಲದ ಕೆಲಸಕ್ಕೆ ಹೋದರೆ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು. ಗಂಡ ಹೋದ ಮೇಲೆ ಹೊಳೆಯಾಚೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಅವಳ ಕಣ್ಣೂ ಅತ್ತು ಅತ್ತು ಊದಿತ್ತು. ಆದರೂ ಮಾತಿನಲ್ಲಿ ಒಂದು ಚೂರು ಹೆಮ್ಮೆ ಹಣಕಿತು, ಅದನ್ನು ಮುಚ್ಚಿಡಲು ಅವಳಿಂದಾಗಲಿಲ್ಲ.

"ನೀನು ಬಂದ ವರ್ಷದಿಂದ್ಲೇ. ನಿನ್ನ ಕಾಳು ಕೆಟ್ಟಿತ್ತಲ್ಲ, ಅದರ ಮಾರನೇ ವಾರ ಬಂದ. 'ಅಕ್ಕ, ಒಂದು ಬಟ್ಟಲು ಮಾಡ್ಕೊಡು, ನಾಲಿಗೆ ಸತ್ತುಹೋಗಿದೆ' ಅಂದ. ಮಾಡ್ಕೊಟ್ಟೆ. ತಮ್ಮ ಬಾಯಿಬಿಟ್ಟು ಕೇಳಿದ್ರೆ ಇಲ್ಲ ಅನ್ನಕ್ಕಾಗುತ್ತಾ?"

"ಮೂವತ್ತು ವರ್ಷ."

"ದಿನಾ ಏನಲ್ಲ. ಮಳೆ ಬಂದ್ರೆ ಬರ್ತಿರ್ಲಿಲ್ಲ."

"ಮತ್ತೆ ಹೊಟ್ಟೆ?"

"ಅವನ ಹೊಟ್ಟೆಗೇನಾಗಿತ್ತು? ಕಲ್ಲು ತಿಂದು ಕರಗಿಸೋನು."

ಬುನಿ ಮಗನ ಕಡೆ ತಿರುಗಿದಳು. ಇನ್ಹೊ ಊರಿನ ಬಸ್ ಓಡಿಸುವವನು, ಇಪ್ಪತ್ತೆಂಟು ವರ್ಷ. ಸೂತಕದ ಟೊಪ್ಪಿಗೆ ಹಾಕಿಕೊಂಡು ಬಿದಿರ ಕೋಲು ಹಿಡಿದು ಪೆಟ್ಟಿಗೆಯ ಪಕ್ಕ ನಿಂತಿದ್ದ. ಅವನು ತನ್ನ ಹುಲ್ಲಿನ ಚಪ್ಪಲಿ ನೋಡುತ್ತಿದ್ದ.

"ಇನ್ಹೊ, ನಿಂಗೂ ಗೊತ್ತಿತ್ತಾ?"

"ಚಿಕ್ಕೋನಿದ್ದಾಗ ಕರ್ಕೊಂಡ್ ಹೋಗ್ತಿದ್ರು," ಎಂದ ಮಗ. "ಅಮ್ಮಂಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ ಅಂತಿದ್ರು. ಬರ್ತಾ ಐಸ್‌ಕ್ಯಾಂಡಿ ಕೊಡಿಸ್ತಿದ್ರು."

"ಈಗ ನೀನು ಚಿಕ್ಕೋನಲ್ವಲ್ಲ."

ಒಲೆಯ ಬಳಿಯಿಂದ ಯೇಚೊನ್ ಅಕ್ಕ ಎದ್ದು ಬಂದಳು. ಊರಿಗೆಲ್ಲ ಸೋಯಾ ಹಾಲು ಹೆಪ್ಪುಗಟ್ಟಿಸಿ ತೋಫು ಮಾಡಿ ಕೊಡುವವಳು, ಬುನಿಗೆ ಬಹಳ ಹಳೆಯ ಗೆಳತಿ. ಅವಳು ಬಂದು ಬುನಿಯ ತೋಳು ಹಿಡಿದಳು.

"ನೀವೂನಾ ಅಕ್ಕ?"

"ಕಾಳು ಕೊಡ್ತಿದ್ದಿದ್ದೇ ನಾನು ಕಣೆ," ಎಂದಳು ಯೇಚೊನ್ ಅಕ್ಕ ಮೆಲ್ಲಗೆ. "ಹೋಗ್ಲಿ ಬಿಡು. ಗಂಡಸ್ರು ಹೊರಗೆ ಏನೇನೋ ಮಾಡ್ಕೊಂಡ್ ಬರ್ತಾರೆ. ನಿನ್ನ ಗಂಡ ಅಕ್ಕನ ಮನೇಲಿ ಕೂತು ಶಾವಿಗೆ ತಿಂದ. ಇದಕ್ಕೆಲ್ಲ ಮನಸ್ಸು ಕೆಡಿಸ್ಕೋತಾರಾ?"

ಅದೇ ತಾನೇ ಕಷ್ಟ. ಬೇರೆ ಹೆಂಗಸಿನ ಮನೆಗೆ ಹೋಗಿದ್ದಿದ್ದರೆ ಇಡೀ ಅಂಗಳ ಅವಳ ಜೊತೆ ಅಳುತ್ತಿತ್ತು. ಜುಟ್ಟು ಹಿಡಿದು ಜಗಳ ಮಾಡಬಹುದಿತ್ತು, ಫೋಟೋ ಮಗುಚಿ ಹಾಕಬಹುದಿತ್ತು. ಒಂದು ಬಟ್ಟಲು ಶಾವಿಗೆಗೆ ಏನು ಮಾಡುವುದು? ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿಕೊಳ್ಳೋಣವೆಂದರೆ ಕೇಳಬೇಕಾದವರಿಗೆಲ್ಲ ಅದು ಅವಳಿಗಿಂತ ಮೊದಲೇ ಗೊತ್ತು.

* * *

ಬೇಸಗೆ ಬಂತೆಂದರೆ ಗಂಡನಿಗೆ ಅನ್ನ ಸೇರುವುದಿಲ್ಲ ಎಂಬುದು ಬುನಿಯ ಬಹುಕಾಲದ ಚಿಂತೆ. ಮಧ್ಯಾಹ್ನ ಬಂದು ಊಟಕ್ಕೆ ಕೂರುತ್ತಿದ್ದ. ಅರ್ಧ ಬೋಗುಣಿ ಸಾರು ಮುಗಿಸುವುದರೊಳಗೆ ಬೆವರು ಧಾರಾಕಾರ. ಉಳಿದರ್ಧವನ್ನು ನುಂಗಲಾರದೆ ನುಂಗುತ್ತಿದ್ದ. ಚೆನ್ನಾಗಿಲ್ವಾ ಎಂದರೆ, ಚೆನ್ನಾಗಿದೆ, ಸೆಖೆಗೆ ಹಸಿವಿಲ್ಲ ಅಷ್ಟೆ ಎನ್ನುತ್ತಿದ್ದ. ಅವಳು ಕೋಳಿಮರಿಯ ಹೊಟ್ಟೆಗೆ ಅಕ್ಕಿ, ಬೆಳ್ಳುಳ್ಳಿ, ಔಷಧಿ ಬೇರು ತುಂಬಿ ಬೇಯಿಸಿಕೊಟ್ಟಳು. ನಾಟಿ ವೈದ್ಯನ ಹತ್ತಿರ ಹೋಗಿ, ಬೇಸಗೆಯಲ್ಲಿ ಹಸಿವು ಸಾಯುವವನಿಗೆ ಎಂದು ಹೇಳಿ ಕಷಾಯದ ಪುಡಿಕೆ ತಂದಳು. ಮೂರು ತಾಸು ಕುದಿಸಿ ಹಿಂಡಿದ ಕಹಿ ಕಷಾಯವನ್ನು ದಾಲ್ಸು ಮೂಗು ಹಿಡಿದು ಕುಡಿಯುತ್ತಿದ್ದ. ಅದನ್ನು ಕುಡಿದನೇ ಹೊರತು ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ.

ಸೆಖೆಗಾಲದಲ್ಲಿ ಒಳಗಿನ ಒಲೆ ಹೊತ್ತಿಸುವಂತಿಲ್ಲ. ಹೊತ್ತಿಸಿದರೆ ಅದರ ಬಿಸಿ ಮಲಗುವ ಕೋಣೆಯ ನೆಲದಡಿ ಹರಿದು ಕೋಣೆಯೇ ಕಾಯುತ್ತದೆ. ಅಂಗಳದ ಮೂಲೆಯ ಒಲೆಯಲ್ಲೇ ಅಡಿಗೆ. ತಲೆಯ ಮೇಲೆ ಬಿಸಿಲು, ಮುಖಕ್ಕೆ ಬೆಂಕಿ. ಅವಳಿಗೆ ಅದು ಕಷ್ಟವೆನ್ನಿಸಿರಲಿಲ್ಲ. ಗಂಡನ ಹೊಟ್ಟೆಗೆ ತಣ್ಣಗಿನದು ಆಗದಿದ್ದರೆ ಹೆಂಡತಿ ಬೆಂಕಿಯ ಮುಂದೆ ಕೂರಬೇಕಾದ್ದೇ. ಅವನೆದುರು ತಾನು ಮಾತ್ರ ತಣ್ಣಗೆ ಕಾಳುಹಾಲು ಕುಡಿಯುವುದು ಯಾವ ಮುಖದಲ್ಲಿ? ಅವಳೂ ಬಿಟ್ಟಳು. ಅತ್ತೆ ತೀರಿಹೋದ ಮೇಲೂ ಮತ್ತೆ ಮುಟ್ಟಲಿಲ್ಲ. ಅಂಗಡಿಯಲ್ಲಿ ನೆನೆದ ಕಾಳು ಕಂಡರೆ ಬಾಯಲ್ಲಿ ನೀರೂರುತ್ತಿತ್ತು, ಮುಖ ತಿರುಗಿಸಿ ಬರುತ್ತಿದ್ದಳು.

ಇನ್ಹೊ ಹುಟ್ಟಿದ ವರ್ಷ ತವರಿಗೆ ಹೋಗಿದ್ದಾಗ ಅವಳ ಅಮ್ಮ ಬಟ್ಟಲು ತಂದು ಮುಂದಿಟ್ಟಿದ್ದರು. ಮಗಳಿಗೆ ಇಷ್ಟ ಎಂದು ಆ ಮುದುಕಿ ಸೊಂಟನೋವಿನಲ್ಲೂ ಕೂತು ಬೀಸುಕಲ್ಲು ತಿರುಗಿಸಿದ್ದರು. ಬುನಿ ಬಟ್ಟಲನ್ನು ಹಿಂದಕ್ಕೆ ಸರಿಸಿದ್ದಳು.

"ಬೇಡಮ್ಮ. ಅವರು ತಿನ್ನಲ್ಲ. ಅವರು ತಿನ್ನದ್ದು ನಂಗೂ ಸೇರಲ್ಲ."

"ಒಂದು ಚಮಚ?"

"ಬೇಡ."

ಅಮ್ಮ ನಕ್ಕು, ಗಂಡನ ಮೇಲೆ ಅಷ್ಟು ಪ್ರೀತಿಯಾ ಎಂದು ಛೇಡಿಸಿ, ಬಟ್ಟಲನ್ನು ಒಳಗೆ ಒಯ್ದರು. ಆ ಚಳಿಗಾಲದಲ್ಲೇ ತೀರಿಕೊಂಡರು. ಅಮ್ಮನ ಕೈಯಿಂದ ಮಾಡಿದ್ದು ಅದೇ ಕಡೆಯದು.

ಹಾಗೆಂದು ಅವರ ಬೇಸಗೆಗಳು ಕೆಟ್ಟದಾಗಿದ್ದವು ಎಂದಲ್ಲ. ಸಂಜೆ ಅಂಗಡಿ ಮುಚ್ಚಿ ಬಂದು ಅವನು ಬಾವಿಕಟ್ಟೆಯಲ್ಲಿ ನೆಲಕ್ಕೆ ಕೈಯೂರಿ ಬಗ್ಗುತ್ತಿದ್ದ. ಅವಳು ಬೆನ್ನಿಗೆ ತಣ್ಣೀರು ಸುರಿದರೆ ಚಳಿ ಚಳಿ ಎಂದು ಹುಡುಗನ ಹಾಗೆ ಕುಣಿಯುತ್ತಿದ್ದ. ಕೊಡದಲ್ಲಿಟ್ಟು ಬಾವಿಗೆ ಇಳಿಬಿಟ್ಟ ಹಳದಿ ಕರಬೂಜವನ್ನು ಮೇಲೆತ್ತಿ ಇಬ್ಬರೂ ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದರು. ಸಿಹಿಯ ನಡುಭಾಗವನ್ನು ಅವನು ಅವಳ ಕಡೆ ತಳ್ಳುತ್ತಿದ್ದ, ನಂಗೆ ಅಷ್ಟು ಸಿಹಿ ಸೇರಲ್ಲ ಎನ್ನುತ್ತಿದ್ದ. ಸೇರುತ್ತಿರಲಿಲ್ಲವೋ, ಅದೂ ಹಾಗೇ ಹೇಳುತ್ತಿದ್ದದ್ದೋ? ಈಗ ಮೂವತ್ತು ವರ್ಷದ ಒಂದೊಂದು ಮಾತನ್ನೂ ತೆಗೆದು ಮೂಸಿ ನೋಡಬೇಕು. ಕೇಳೋಣವೆಂದರೆ ಅವನು ತೆರೆಯ ಹಿಂದೆ ಮಲಗಿದ್ದಾನೆ.

* * *

"ಏನು ತಡ ಅಲ್ಲಿ?" ಎಂದು ಚಾಪೆಯ ಮೇಲಿನಿಂದ ಕೇಳಿದರು ದಾಲ್ಸುವಿನ ಚಿಕ್ಕಪ್ಪ. ಮನೆತನಕ್ಕೆ ಹಿರಿಯರು, ಎಂಬತ್ತರ ಮೇಲಾಗಿತ್ತು, ಶಾಸ್ತ್ರವೆಲ್ಲ ಅವರು ಹೇಳಿದಂತೆ. "ಯಾವ ಎಡೆ ಅಂತ ಮನೆಯೊಡತಿ ಹೇಳ್ಲಿ. ಅವಳು ಇಟ್ಟಿದ್ದೇ ಎಡೆ. ಬಿಸಿಲೇರ್ತಿದೆ."

ಗಪ್ಸುನ್ ತನ್ನ ಬಟ್ಟಲಿನ ಅಂಚಿನಿಂದ ಕೈ ತೆಗೆದಿರಲಿಲ್ಲ. ಬುನಿಯ ಸಾರು ಮೇಜಿನ ತುದಿಯಲ್ಲಿ ಇನ್ನೂ ಹಬೆಯಾಡುತ್ತಿತ್ತು. ಮೇಲೆ ತೇಲುವ ಕುಂಬಳದ ಹೋಳುಗಳನ್ನು ಅವಳು ಒಂದೇ ಸಮನಾಗಿ ಹೆಚ್ಚಿದ್ದಳು, ಅವನಿಗೆ ಹಾಗಿದ್ದರೆ ಇಷ್ಟ ಎಂದು. ಅಥವಾ ಹಾಗೆಂದು ಅವಳು ತಿಳಿದುಕೊಂಡಿದ್ದಳು.

ಬುನಿ ತನ್ನ ಬೋಗುಣಿಯನ್ನು ತಾನೇ ಎತ್ತಿ ಹಿಂದೆ ನಿಂತ ಯೇಚೊನ್ ಅಕ್ಕನ ಕೈಗೆ ಕೊಟ್ಟಳು.

"ಅದೇ ಇರ್ಲಿ, ಮಾವ," ಎಂದಳು. "ಅವರು ತಿಂತಿದ್ದಿದ್ದು ಅದೇ ಅಂತೆ."

ಗಪ್ಸುನ್ ಒಂದು ಉಸಿರು ಬಿಟ್ಟು ಚಮಚವನ್ನು ಸರಿಯಾಗಿಟ್ಟಳು. ಬುನಿ ಬಟ್ಟಲಿಗೆ ಬಗ್ಗಿ ನೋಡಿದಳು.

"ಉಪ್ಪು ಹಾಕಿದೀರಾ ಅತ್ತಿಗೆ?"

"ಉಪ್ಪು..." ಗಪ್ಸುನ್ ತಡವರಿಸಿದಳು. "ಉಪ್ಪು ಅವನೇ ಹಾಕ್ಕೊಳ್ತಿದ್ದ. ನಾನು ಬಟ್ಟಲು ಪಕ್ಕ ಇಡ್ತಿದ್ದೆ ಅಷ್ಟೆ."

"ಎಷ್ಟು ಹಾಕ್ಕೊಳ್ತಿದ್ರು?"

"ಯಾರು ನೋಡಿದ್ರು? ಎರಡು ಚಿಟಿಕೆನೋ ಮೂರೋ."

"ಹಾಗಾದ್ರೆ ನಿಮಗೂ ಗೊತ್ತಿಲ್ಲ," ಎಂದಳು ಬುನಿ. "ಬೇಡ ಬಿಡಿ. ಹಾಗೇ ತಿನ್ಲಿ. ಒಂದು ದಿನ ಸಪ್ಪೆ ತಿಂದ್ರೆ ಏನಾಗಲ್ಲ."

ಮಗ ಎಡೆಯ ಮುಂದೆ ಅಕ್ಕಿಯ ಹೆಂಡ ಸುರಿದು ನೆಲಕ್ಕೆ ಹಣೆ ತಾಗಿಸಿದ. ಬಂಧುಗಳೆಲ್ಲ ಬಗ್ಗಿ ಎದ್ದರು. ಈಗ ಹೆಂಡತಿ ಎದೆ ಬಡಿದುಕೊಂಡು ಅಯ್ಯೋ ಎಂದು ಕೂಗಿ ಅಳಬೇಕು, ಪೆಟ್ಟಿಗೆ ತಬ್ಬಿಕೊಳ್ಳಬೇಕು, ನನ್ನನ್ನೂ ಕರೆದುಕೊಂಡು ಹೋಗು ಎನ್ನಬೇಕು. ನಿನ್ನೆ ಮೊನ್ನೆಯೆಲ್ಲ ಯಾರೂ ಹೇಳದೆಯೂ ಅವಳು ಹಾಗೇ ಅತ್ತಿದ್ದಳು. ಇವತ್ತು ಗಂಟಲಿನಿಂದ ಏನೂ ಬರಲಿಲ್ಲ. ಹೆಂಗಸರು ಪಕ್ಕೆ ತಿವಿದರು, ಅಳಮ್ಮ ಅಳು, ಒಳಗಿಟ್ಟುಕೋಬಾರದು ಎಂದರು. ಗಪ್ಸುನ್ ಒಬ್ಬಳೇ ನೆಲ ಬಡಿದುಕೊಂಡು ಇಬ್ಬರ ಪಾಲಿನ ಅಳುವನ್ನೂ ಅತ್ತಳು.

ಪೆಟ್ಟಿಗೆ ಹೊಸ್ತಿಲು ದಾಟುವಾಗ ಶಾಸ್ತ್ರದಂತೆ ಸೋರೆಬುರುಡೆಯನ್ನು ತುಳಿದು ಒಡೆದರು. ಹನ್ನೆರಡು ಜನ ಚಟ್ಟ ಹೆಗಲಿಗೇರಿಸಿದರು. ಮುಂದಿನವನು ಗಂಟೆ ಅಲ್ಲಾಡಿಸುತ್ತ ಹಾಡು ಹಿಡಿದ, ಹಿಂದಿನವರು ದನಿ ಸೇರಿಸಿದರು. ಗುಡ್ಡ ಕಡಿದು, ಬಿಸಿಲು ಹೆಚ್ಚು, ಹೆಂಗಸರು ಸೇತುವೆಯವರೆಗೆ ಬಂದರೆ ಸಾಕು ಎಂದರು ಹಿರಿಯರು. ಚಟ್ಟ ಸೇತುವೆ ದಾಟಿ, ಬೀಗ ಹಾಕಿದ ಸೈಕಲ್ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು, ಗುಡ್ಡದ ದಾರಿ ಹಿಡಿಯಿತು.

"ನಡಿ ಮನೆಗೆ," ಎಂದಳು ಯೇಚೊನ್ ಅಕ್ಕ. "ಅವರು ಮಣ್ಣು ಮಾಡಿ ಫೋಟೋ ಹಿಡ್ಕೊಂಡು ವಾಪಸ್ ಬರೋ ಹೊತ್ತಿಗೆ ನೀನು ಬಾಗಿಲಲ್ಲಿರ್ಬೇಕು. ಅವನ ಜೀವ ಮನೆಗೆ ಬರೋವಾಗ ಹೆಂಡ್ತಿ ಬಾ ಅನ್ಬೇಕು."

"ನೀವು ನಡೀರಿ ಅಕ್ಕ," ಎಂದ ಬುನಿ ಸೇತುವೆಯ ಆಚೆ ಕಡೆಗೆ ಹೊರಟಳು. ಗಪ್ಸುನ್ ಗಾಬರಿಯಾಗಿ ಹಿಂದೆ ಓಡಿದಳು.

ಅತ್ತಿಗೆಯ ಮನೆಗೆ ಬುನಿ ಬಂದಿದ್ದು ಹಬ್ಬಕ್ಕೋ ತಿಥಿಗೋ, ಚಳಿಗಾಲದಲ್ಲಿ. ಬೇಸಗೆಯಲ್ಲಿ ಬಂದದ್ದೇ ಇಲ್ಲ. ಸೆಖೆಯಲ್ಲಿ ಅಷ್ಟು ದೂರ ಯಾಕೆ ಹೋಗುತ್ತೀಯ, ಅಕ್ಕನಿಗೆ ಏನು ಬೇಕೋ ನಾನೇ ನೋಡಿಕೊಳ್ಳುತ್ತೇನೆ ಎಂದು ದಾಲ್ಸು ಹೇಳುತ್ತಿದ್ದ. ಒಳ್ಳೆಯ ತಮ್ಮ ಎಂದು ಅವಳು ಹೊಗಳುತ್ತಿದ್ದಳು. ಅಂಗಳದಲ್ಲಿ ನೆರಳಿಗೆ ಬೀಸುಕಲ್ಲು ಇತ್ತು. ಅದರ ಗೂಟ ಹಿಡಿದು ಹಿಡಿದು ನುಣುಪಾಗಿತ್ತು. ಕಲ್ಲಿನ ಅಂಚಿನಲ್ಲಿ ಬೆಳಗಿನ ಕಾಳುಹಿಟ್ಟು ಒಣಗಿ ಬೆಳ್ಳಗೆ ಕಾಣುತ್ತಿತ್ತು.

"ಇದನ್ನ ನೀವೊಬ್ರೇ ಬೀಸ್ತಿದ್ರಾ?"

"ಅವನೇ ಬೀಸ್ತಿದ್ದ. ನಾನು ಕಾಳು ಹಾಕ್ತಿದ್ದೆ." ಗಪ್ಸುನ್ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವತ್ತು ಒಬ್ಳೇ ಬೀಸಿದೆ. ತಿರುಗಲ್ಲ ಅಂತು."

ಮನೆಯಲ್ಲಿ ಒಂದು ಲೋಟ ನೀರನ್ನೂ ತಾನಾಗಿ ಬಗ್ಗಿಸಿಕೊಂಡವನಲ್ಲ ದಾಲ್ಸು. ಬುನಿ ಗೂಟವನ್ನು ಒಮ್ಮೆ ಮುಟ್ಟಿ ಕೈ ತೆಗೆದಳು.

"ಎಲ್ಲಿ ಕೂತ್ಕೋತಿದ್ರು?"

ಗಪ್ಸುನ್ ಜಗಲಿಯ ಬಲತುದಿ ತೋರಿಸಿದಳು. ಬುನಿ ಅಲ್ಲಿ ಕೂತಳು. ಹೊಳೆಯ ಗಾಳಿ ನೇರ ಮುಖಕ್ಕೆ ಬಡಿಯಿತು. ಎದುರಿಗೆ ಹೊಳೆ, ಆಚೆ ದಡದಲ್ಲಿ ಮೆಣಸಿನ ಗಿಡಗಳ ಸಾಲು, ಅದರ ಹಿಂದೆ ಅವಳದೇ ಮನೆ. ಅಂಗಳ, ಬಾವಿಕಟ್ಟೆ, ಅಂಗಳದ ಮೂಲೆಯ ಒಲೆ. ಹೆಣದ ಜೊತೆ ಹೋದವರು ಬಂದರೆ ಊಟಕ್ಕೆಂದು ಹೆಂಗಸರು ಬೆಂಕಿ ಒಟ್ಟಿದ್ದರು. ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಒಲೆಯ ಮುಂದೆ ಯಾರೋ ಬಗ್ಗಿ ಊದುತ್ತಿದ್ದದ್ದು ಇಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು.

ಬುನಿ ಬಹಳ ಹೊತ್ತು ನೋಡಿದಳು.

"ಇಲ್ಲಿಂದ ನಾನು ಕಾಣ್ತಿದ್ದೆ," ಎಂದಳು.

"ಕಾಣ್ತಿದ್ದೆ," ಎಂದಳು ಗಪ್ಸುನ್. ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ತಿನ್ನುತ್ತಾ ನೋಡ್ತಿದ್ದ. ಹೊಗೆ ನಿಂತ ಕೂಡ್ಲೇ ಏಳೋನು. 'ಇಳಿಸಿದ್ಲು ಅಕ್ಕ, ನಾನು ಬರ್ತೀನಿ' ಅನ್ನೋನು."

"ನೋಡ್ತಾ ಕೂತು ತಿಂತಿದ್ರು."

"ನಾನೂ ಬೈದಿದೀನಿ ಕಣೆ. ಅಮ್ಮ ಸತ್ತ ಮೇಲೆ ಹೇಳ್ದೆ, ಇನ್ಯಾರ ಹೆದರಿಕೆ, ಅವಳಿಗೆ ಹೇಳ್ಬಿಡು ಅಂತ. 'ಹೇಗೆ ಹೇಳ್ಲಿ? ಅವತ್ತು ಅವಳ ಪರವಾಗಿ ಒಂದು ಮಾತಾಡಿದ್ದೆ. ಅದೂ ಸುಳ್ಳು ಅಂತ ಆಗ್ಬಿಡುತ್ತೆ. ಅದನ್ನ ಬಿಟ್ರೆ ನಾನು ಅವಳಿಗೆ ಕೊಟ್ಟಿರೋದಾದ್ರೂ ಏನು' ಅಂದ. ಆಮೇಲೆ ನಾನೂ ಸುಮ್ಮನಾದೆ. ನಂಗೂ..." ಗಪ್ಸುನ್ ನಿಲ್ಲಿಸಿದಳು. "ನಂಗೂ ಅವನು ಬರ್ತಿದ್ದದ್ದು ಬೇಕಿತ್ತು. ನಾಳೆಯಿಂದ ಯಾರಿಗೆ ಅಂತ ಕಾಳು ನೆನೆಹಾಕ್ಲಿ?"

"ಆ ಮಾತು ಯಾರಿಗೆ ಬೇಕಿತ್ತು ಅತ್ತಿಗೆ," ಎಂದಳು ಬುನಿ. "ನನ್ನೂ ಒಂದು ದಿನ ಇಲ್ಲಿಗೆ ಕರ್ಕೊಂಡು ಬಂದಿದ್ರೆ ಸಾಕಿತ್ತು. ನಮ್ಮಮ್ಮ ಕೊಟ್ಟಿದ್ದನ್ನ ಹಿಂದಕ್ಕೆ ತಳ್ಳಿದೀನಿ ನಾನು. ಇವರ ಹೊಟ್ಟೆಗೋಸ್ಕರ."

ಗುಡ್ಡದ ಮೇಲಿನಿಂದ ಗಂಟೆಯ ಸದ್ದು ಬಂತು. ಗುಂಡಿ ಮುಚ್ಚಿ ಮಣ್ಣು ತುಳಿಯುವವರ ಹಾಡು ಗಾಳಿಯಲ್ಲಿ ಬಿಟ್ಟು ಬಿಟ್ಟು ಕೇಳಿಸಿತು.

"ಉಳಿದಿದೆಯಾ?" ಎಂದು ಕೇಳಿದಳು ಬುನಿ.

"ಏನು?"

"ಕಾಳುಹಾಲು."

ಗಪ್ಸುನ್ ಬಾವಿಯಿಂದ ತಪ್ಪಲೆ ಮೇಲೆತ್ತಿದಳು. ಶಾವಿಗೆ ಬೇಯಿಸಿ ತಣ್ಣೀರಲ್ಲಿ ಜಾಲಿಸಿ, ಬಟ್ಟಲು ತುಂಬಿ, ಚಿಕ್ಕ ಮೇಜಿನ ಮೇಲೆ ಉಪ್ಪಿನ ಜೊತೆ ತಂದಿಟ್ಟಳು. ಸೂತಕದಲ್ಲಿರುವ ಹೆಂಡತಿ, ಗಂಡನ ಮಣ್ಣು ಇನ್ನೂ ಮುಚ್ಚುತ್ತಿರುವಾಗ, ಇನ್ನೊಂದು ಮನೆಯ ಜಗಲಿಯಲ್ಲಿ ಕೂತು ತಿನ್ನುವುದನ್ನು ಊರಿನವರು ನೋಡಿದರೆ ಏನೆಂದಾರು ಎಂದು ಇಬ್ಬರಿಗೂ ಗೊತ್ತಿತ್ತು. ಬುನಿ ಎರಡು ಚಿಟಿಕೆ ಉಪ್ಪು ಹಾಕಿದಳು, ನಾಲಿಗೆಗೆ ಹಚ್ಚಿ ನೋಡಿ ಇನ್ನರ್ಧ ಚಿಟಿಕೆ ಹಾಕಿದಳು.

ಮೊದಲ ತುತ್ತಿಗೇ ಅವಳ ಕಣ್ಣಲ್ಲಿ ನೀರು ಬಂತು. ಅಷ್ಟು ಚೆನ್ನಾಗಿತ್ತು. ಕಾಳು ಸರಿಯಾದ ಕುದಿಗೆ ಇಳಿದಿತ್ತು, ಹಸಿ ವಾಸನೆಯೂ ಇಲ್ಲ, ಹುದುಗು ವಾಸನೆಯೂ ಇಲ್ಲ. ಚೆನ್ನಾಗಿಲ್ಲದಿದ್ದರೆ ಅವನನ್ನು ಕ್ಷಮಿಸುವುದು ಸುಲಭವಾಗುತ್ತಿತ್ತು. ಅವಳು ಸೊರ್ ಎಂದು ಎಳೆದಳು, ಅಗಿದಳು, ಮತ್ತೆ ಎಳೆದಳು. ಸೆಣಬಿನ ತೋಳು ಹಾಲಿಗೆ ತಾಗಿ ಒದ್ದೆಯಾದರೂ ನೋಡಲಿಲ್ಲ. ಕಡೆಗೆ ಬಟ್ಟಲನ್ನೇ ಎರಡೂ ಕೈಯಲ್ಲಿ ಎತ್ತಿ ಕುಡಿದಳು.

ಗುಡ್ಡದ ಮೇಲಿನ ಹಾಡು ನಿಂತಿತ್ತು. ಸ್ವಲ್ಪ ಹೊತ್ತಿಗೆ ದಾರಿಯ ತಿರುವಿನಲ್ಲಿ ಬಿಳಿ ಬಟ್ಟೆಗಳು ಕಾಣಿಸಿಕೊಂಡವು. ಮುಂದೆ ಇನ್ಹೊ, ಎದೆಗೆ ಅವಚಿಕೊಂಡ ಅಪ್ಪನ ಫೋಟೋ. ಆಚೆ ದಡದಲ್ಲಿ ಯೇಚೊನ್ ಅಕ್ಕ ಬಾಗಿಲಿಗೆ ಬಂದು ಹಣೆಗೆ ಕೈಯಡ್ಡ ಹಿಡಿದು ಈ ಕಡೆ ನೋಡಿ ಕೂಗಿದಳು.

"ಇನ್ಹೊನ ಅಮ್ಮಾ, ಬರ್ತಿದಾರೆ, ಬೇಗ ಬಾ."

ಅಂಗಳದಲ್ಲಿ ಯಾರೋ ಒಲೆಗೆ ನೀರು ಚೆಲ್ಲಿದರು. ಹೊಗೆ ಒಮ್ಮೆ ಬೆಳ್ಳಗೆ ಉಬ್ಬಿ, ತೆಳ್ಳಗಾಗಿ, ನಿಂತುಹೋಯಿತು. ಮೂವತ್ತು ವರ್ಷದ ಅಭ್ಯಾಸ, ಗಪ್ಸುನ್ ತಾನಾಗಿ ಎದ್ದು ಖಾಲಿ ಬಟ್ಟಲು ತೆಗೆದುಕೊಳ್ಳಲು ಕೈ ಚಾಚಿದಳು.

ಬುನಿ ಏಳಲಿಲ್ಲ. ಬಟ್ಟಲನ್ನು ಅವಳ ಮುಂದೆ ಹಿಡಿದು, "ಇನ್ನೊಂದು ಸಲ ಹಾಕಿ ಅತ್ತಿಗೆ," ಎಂದಳು.